ಜಮಾ, ಖರ್ಚು ಮತ್ತು ಕೇರಿ

ದಲಿತ ವಿಮರ್ಶೆ ಎಂದೊಡನೆ ನಮ್ಮ ಕೈ ಕಾವ್ಯಕ್ಕೆ, ಕತೆಗೆ, ಆತ್ಮಕತೆಗೆ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ಸರ್ಕಾರದ ಬಜೆಟ್ಟೂ ಒಂದು ಕೃತಿ, ಅದರೊಳಗೂ ಜಾತಿ ಮಾತಾಡುತ್ತದೆ ಎಂಬುದನ್ನು ಸಾಹಿತ್ಯದವರಾದ ನಾವು ವಾಣಿಜ್ಯ ವಿಭಾಗದವರಿಗೆ ಬಿಟ್ಟುಕೊಟ್ಟು ಕೂತಿದ್ದೇವೆ. ಬಾಬಾಸಾಹೇಬರ ವಿಷಯದಲ್ಲೂ ಹೀಗೇ ಆಗಿದೆ. ಸಂವಿಧಾನ ಬರೆದವರೆಂದು ಓದಿದೆವು, ಬುದ್ಧನ ಕಡೆಗೆ ನಡೆದವರೆಂದು ಓದಿದೆವು. ಅವರ ಅರ್ಥಶಾಸ್ತ್ರ ಮಾತ್ರ ಏಪ್ರಿಲ್ 14ರ ಭಾಷಣಗಳಲ್ಲಿ ಪದವಿಗಳ ಪಟ್ಟಿಯಾಗಿ ಉಳಿದುಬಿಟ್ಟಿದೆ. ಅದನ್ನು ವಿಮರ್ಶೆಯ ಒಂದು ಕ್ರಮವಾಗಿಯೇ ಓದಬಹುದು ಎನ್ನುವುದು ನನ್ನ ವಾದ.

1915ರಲ್ಲಿ ಕೊಲಂಬಿಯಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಣಕಾಸಿನ ಬಗ್ಗೆ ಬರೆದ ಅಂಬೇಡ್ಕರ್, 1925ರಲ್ಲಿ ಬ್ರಿಟಿಷ್ ಭಾರತದ ಪ್ರಾಂತಗಳ ಹಣಕಾಸಿನ ಮೇಲೆ ಪುಸ್ತಕವನ್ನೇ ಪ್ರಕಟಿಸಿದರು. ಅಂಕಿ-ಅಂಶಗಳ ಒಣ ಪುಸ್ತಕ ಅನ್ನಿಸಬಹುದು. ಆದರೆ ಒಳಗಿರುವ ಪ್ರಶ್ನೆ ಒಣದಲ್ಲ: ಹಣ ಯಾರಿಂದ ಬಂತು, ಯಾರು ತೀರ್ಮಾನ ಮಾಡಿದರು, ಯಾರಿಗೆ ಹೋಯಿತು?

1927ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಈ ಪ್ರಶ್ನೆಗೆ ಬೀದಿಯ ಭಾಷೆ ಬಂತು. ಆದಾಯ ತೆರಿಗೆಯಲ್ಲಾದರೆ ಒಂದು ಮಿತಿಯ ಕೆಳಗಿನವರಿಗೆ ವಿನಾಯಿತಿ ಇದೆ, ಭೂಕಂದಾಯದಲ್ಲಿ ಮಾತ್ರ ಚೂರು ಹೊಲದವನಿಗೂ ಬಿಡುಗಡೆ ಇಲ್ಲವಲ್ಲ ಎಂದರು. ಪ್ರಾಂತ ಶಿಕ್ಷಣಕ್ಕೆ ತಲೆಗೆ 14 ಆಣೆ ಖರ್ಚು ಮಾಡುತ್ತದೆ, ಅಬಕಾರಿಯಿಂದ ಅದೇ ತಲೆಯಿಂದ ಎರಡು ರೂಪಾಯಿಗೂ ಮೇಲೆ ಕಿತ್ತುಕೊಳ್ಳುತ್ತದೆ. ಹೆಂಡದ ಹೆಸರಲ್ಲಿ ತೆಗೆದುಕೊಂಡಷ್ಟನ್ನಾದರೂ ಅಕ್ಷರದ ಹೆಸರಲ್ಲಿ ವಾಪಸು ಕೊಡಿ ಎಂದು ಕೇಳಿದರು. ಜಮಾ ಕಾಲಮ್ಮನ್ನೂ ಖರ್ಚಿನ ಕಾಲಮ್ಮನ್ನೂ ಎದುರುಬದುರು ಇಟ್ಟು ಓದುವುದು ಅವರ ಕ್ರಮ.

ಈ ಕ್ರಮ ಹಿಡಿಯದಿದ್ದರೆ 1951ರ ಪರಿಶಿಷ್ಟ ಜಾತಿಗಳ ಒಕ್ಕೂಟದ ಪ್ರಣಾಳಿಕೆ ಅರ್ಥವಾಗುವುದಿಲ್ಲ. ಅದರಲ್ಲಿ ಸೈನ್ಯದ ಖರ್ಚು ತಗ್ಗಿಸಿ, ವಿಮೆಯನ್ನು ರಾಷ್ಟ್ರೀಕರಣ ಮಾಡಿ, ಪಾನನಿಷೇಧ ಬಿಡಿ, ಉಪ್ಪಿನ ತೆರಿಗೆ ಮತ್ತೆ ಹಾಕಿ ಎಂದಿದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದು, 'ಸಾರ್, ಉಪ್ಪಿನ ತೆರಿಗೆ ಬಡವರ ಮೇಲೇ ಅಲ್ವಾ ಬೀಳೋದು?' ಎಂದಳು. ಅವಳ ಮಾತು ನಿಜ. ಕೂಲಿಯವಳೂ ಸಾಹುಕಾರನೂ ತಿನ್ನುವ ಉಪ್ಪು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಭಾರ ಒಂದೇ ಅಲ್ಲ. ಇಲ್ಲಿ ನಾನು ಬಾಬಾಸಾಹೇಬರನ್ನು ಪೂರ್ತಿ ಒಪ್ಪಲಾರೆ. ಆದರೆ ತೆರಿಗೆ ರದ್ದಾಯಿತೆಂದು ಸಂಭ್ರಮಿಸುವವರು ಶಾಲೆಗೆ, ಜಮೀನಿಗೆ ದುಡ್ಡೆಲ್ಲಿಂದ ಎಂದು ಹೇಳಬೇಕಲ್ಲ ಎಂಬ ಅವರ ಪಟ್ಟು ಹುಸಿಯಲ್ಲ. ತ್ಯಾಗದ ಸಂಕೇತವಾಗಿದ್ದ ಉಪ್ಪನ್ನು ಅವರು ಲೆಕ್ಕದ ಪುಸ್ತಕಕ್ಕೆ ಇಳಿಸಿದರು.

ಈಗ ಮನೆಯ ಪ್ರಶ್ನೆಗೆ ಬರೋಣ. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಶುರುವಾದಾಗ ಅದು ಪರಿಶಿಷ್ಟರಿಗೆ ಮತ್ತು ಜೀತವಿಮುಕ್ತರಿಗೆಂದೇ ಇತ್ತು. 2016ರಲ್ಲಿ ಅದು ಪ್ರಧಾನಮಂತ್ರಿ ಆವಾಸ್ ಆಯಿತು: ಬಯಲು ಪ್ರದೇಶದಲ್ಲಿ ಮನೆಗೆ 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರ್. ನಮ್ಮಲ್ಲಿ ಜನತಾ ಮನೆ, ಆಶ್ರಯ ಮನೆ ಬಂದವು. ಸೋರುವ ಗುಡಿಸಲು ಹೋಗಿ ಗಟ್ಟಿ ಸೂರು ಬಂದದ್ದನ್ನು ಹಗುರಾಗಿ ಮಾತಾಡಬಾರದು. ಮಳೆಗಾಲ ಏನೆಂದು ಗೊತ್ತಿರುವವರು ಹಾಗೆ ಆಡುವುದಿಲ್ಲ. ಆದರೆ ಆ ಮನೆಗಳು ಎದ್ದದ್ದು ಬಹುಪಾಲು ಎಲ್ಲಿ? ಕೇರಿಯಲ್ಲೇ, ಇಲ್ಲವೇ ಕೇರಿಯ ಮಗ್ಗುಲಲ್ಲಿ. ಸರ್ಕಾರ ಗೋಡೆ ಬದಲಾಯಿಸಿತು, ಊರಿನ ನಕಾಶೆಯನ್ನು ಬದಲಾಯಿಸಲಿಲ್ಲ.

ಸಂವಿಧಾನ ಸಭೆಗೆಂದು 1947ರಲ್ಲಿ ಸಿದ್ಧವಾದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಅಂಬೇಡ್ಕರ್ ಕೇಳಿದ್ದು ಬೇರೆಯದನ್ನೇ. ಕೃಷಿಭೂಮಿ ರಾಜ್ಯದ ಒಡೆತನಕ್ಕೆ ಬರಬೇಕು, ಮಾಲೀಕರಿಗೆ ಪರಿಹಾರವನ್ನು ಸಾಲಪತ್ರಗಳ ರೂಪದಲ್ಲಿ ಕೊಡಬೇಕು, ಜಾತಿಭೇದವಿಲ್ಲದೆ ಸಾಮೂಹಿಕ ಬೇಸಾಯ ನಡೆಯಬೇಕು. ಜೊತೆಗೆ ಪರಿಶಿಷ್ಟರಿಗೆ ಹೊಸ ಹಳ್ಳಿಗಳು, ಅದಕ್ಕೊಂದು ಆಯೋಗ, ಆ ಆಯೋಗಕ್ಕೆ ವರ್ಷಕ್ಕೆ 5 ಕೋಟಿ ರೂಪಾಯಿ. ಇದು ಸರ್ಕಾರವೇ ಕಟ್ಟಿಕೊಡುವ ಇನ್ನೊಂದು ಕೇರಿಯಲ್ಲವೆ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೇರಿ ಕೇರಿಯಾಗಿರುವುದು ದೂರದಲ್ಲಿರುವುದರಿಂದಲ್ಲ, ಊರಿನ ಹೊಲಕ್ಕೆ ಕೂಲಿಗೆ ಹೋಗದೆ ಒಲೆ ಉರಿಯುವುದಿಲ್ಲ ಎನ್ನುವುದರಿಂದ. ಭೂಮಿಯಿಲ್ಲದ ಮನೆ ಆ ಹಂಗನ್ನು ಹರಿಯಲಾರದು.

ಕರ್ನಾಟಕದ 2013ರ ಕಾಯ್ದೆ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲನ್ನು, ಅಂದರೆ ಶೇ. 24.1ರಷ್ಟನ್ನು, ಬಜೆಟ್ಟಿನಲ್ಲಿ ಎತ್ತಿಡಬೇಕೆಂದಿತು. ಅದೇ ಕಾಯ್ದೆಯ 7(ಡಿ) ಕಲಮು, ಎಲ್ಲರಿಗೂ ಆಗುವ ಕಾಮಗಾರಿಯ ಒಂದು ಭಾಗವನ್ನು ಪರಿಶಿಷ್ಟರಿಗೇ ಮಾಡಿದ ಖರ್ಚೆಂದು 'ಭಾವಿಸಲು' ದಾರಿ ಮಾಡಿತ್ತು. ಹೋರಾಟದ ಒತ್ತಾಯದಿಂದ 2023ರಲ್ಲಿ ಅದನ್ನು ತೆಗೆಯಲಾಯಿತು. ಹತ್ತು ವರ್ಷ ಒಂದು ಕ್ರಿಯಾಪದ ನಮ್ಮ ಪಾಲನ್ನು ತಿನ್ನುತ್ತಿತ್ತು. ಪದಗಳನ್ನು ಓದುವುದೇ ಕಸುಬಾದ ನಾವು ಇದನ್ನು ಮೊದಲು ಹಿಡಿಯಬೇಕಿತ್ತಲ್ಲವೆ?

ನಮ್ಮ ಅಧ್ಯಯನ ಶಿಬಿರಗಳಲ್ಲಿ ಕವಿಗೋಷ್ಠಿ ಇರಲಿ. ಒಂದು ಮಧ್ಯಾಹ್ನವನ್ನಾದರೂ ಬಜೆಟ್ ಪುಸ್ತಕ ಬಿಚ್ಚಿ, ಸಾಲು ಸಾಲು ಓದುವುದಕ್ಕೆ ಇಡೋಣ.