ದೆವ್ವ ಯಾರದು, ಭಯ ಯಾರದು?

ನಮ್ಮ ಕೇರಿ ಇರೋದು ಸುಡುಗಾಡಿನ ಪಕ್ಕ. ಊರಲ್ಲಿ ಯಾರು ಸತ್ತರೂ ಗುಂಡಿ ತೋಡಿದವರು ನಮ್ಮ ಅಪ್ಪ ತಾತಂದಿರು. ತಮಟೆ ಹೊಡೆದವರೂ ಅವರೇ. ಸಾವಿನ ಸುದ್ದಿ ಹೊತ್ತು ರಾತ್ರೋರಾತ್ರಿ ಪಕ್ಕದ ಹಳ್ಳಿಗಳಿಗೆ ನಡೆದವರೂ ಅವರೇ. ಸತ್ತವರ ಭಯ ಅವರಿಗೆ ಇರಲಿಲ್ಲ. 'ಸತ್ತೋರು ಏನೂ ಮಾಡಲ್ಲ ಕಣ್ರಪ್ಪ, ಬದುಕಿರೋರನ್ನ ನೋಡ್ಕೊಂಡು ನಡೀರಿ' ಅಂತಿದ್ದಳು ನಮ್ಮವ್ವ. ದೆವ್ವದ ಸಿನಿಮಾಗಳ ಬಗ್ಗೆ ಬರೆಯಲು ಕೂತಾಗ ನಮ್ಮ ಕೈಲಿರುವ ಅಳತೆಗೋಲು ಇದೊಂದೇ.

ಅಕ್ಟೋಬರ್ 31ರ ರಾತ್ರಿ ಅಮೆರಿಕದಲ್ಲಿ ಹ್ಯಾಲೋವೀನ್. ಸುಗ್ಗಿ ಮುಗಿದು ಚಳಿ ಹತ್ತುವ ಹೊತ್ತಿಗೆ ಸತ್ತವರು ಮರಳಿ ಬರುತ್ತಾರೆ ಎಂದು ನಂಬಿದ್ದ ಐರ್ಲೆಂಡಿನ ಹಳ್ಳಿಗರ ಆಚರಣೆ ಅದು. 19ನೇ ಶತಮಾನದಲ್ಲಿ ಹಸಿವಿಗೆ ಊರು ಬಿಟ್ಟ ಐರಿಷ್ ಕೂಲಿಗಳ ಜೊತೆ ಅದೂ ಹಡಗು ಹತ್ತಿತು. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರು ಇಲ್ಲಿ ಕುಂಬಳಕಾಯಿ ಕೊರೆದರು. ಮಾರ್ನಮಿಗೆ ಹಿರಿಯರಿಗೆ ಎಡೆ ಇಡುವ ನಮಗೆ ಇದು ತೀರಾ ಪರಕೀಯವೇನಲ್ಲ. ಆದರೆ ಬಡವರ ಹಬ್ಬ ಯಾವುದಿದ್ದರೂ ವ್ಯಾಪಾರಿ ಬಿಡುತ್ತಾನೆಯೇ? ಈಗ ಅದು ಮಿಠಾಯಿಯ, ಮುಖವಾಡದ, ಸಿನಿಮಾದ ಹಬ್ಬ. ಆ ರಾತ್ರಿ ಯಾವ ಯಾವ ಭಯದ ಸಿನಿಮಾ ನೋಡಬೇಕು ಅಂತ ಪ್ರತಿ ವರ್ಷ ಪಟ್ಟಿಗಳು ಬರುತ್ತವೆ. ಪಟ್ಟಿ ಮಾಡುವವರು ಕೇಳೋದು ಒಂದೇ ಪ್ರಶ್ನೆ: ಎಷ್ಟು ಹೆದರಿಸುತ್ತೆ?

ನಾವು ಕೇಳುವ ಪ್ರಶ್ನೆಗಳು ಮೂರು. ಹೆದರುವವರು ಯಾರು? ಯಾರಿಗೆ ಹೆದರುತ್ತಾರೆ? ಬೆಳಗಾದಾಗ ಬದುಕಿ ಉಳಿದವರು ಯಾರು?

ಅವರ ಹಬ್ಬ, ಅವರ ಸಿನಿಮಾ, ನಮಗ್ಯಾಕ್ರೀ ಅನ್ನಬಹುದು. ಅಲ್ಲಿನ ಕಪ್ಪು ಜನರ ಪಾಡಿನಲ್ಲಿ ತಮ್ಮ ಪಾಡನ್ನು ಕಂಡು ಬಾಬಾಸಾಹೇಬರು 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ ತನ್ನ ಹೆಸರನ್ನು ಅಲ್ಲಿಂದಲೇ ತಂದಿತು. ಅವರ ಹೋರಾಟವನ್ನು ಓದಿದ ನಾವು ಅವರ ಭಯವನ್ನೂ ಓದಬೇಕು.

ಮೊದಲು ಜೋಂಬಿಯನ್ನು ತೆಗೆದುಕೊಳ್ಳಿ. ಇವತ್ತು ಅದು ಮಕ್ಕಳ ಆಟದ ಬೊಂಬೆ. ಹುಟ್ಟಿದ್ದು ಮಾತ್ರ ಹೈಟಿಯಲ್ಲಿ, ಕಬ್ಬಿನ ಗದ್ದೆಯ ಗುಲಾಮರ ನಡುವೆ. ಸತ್ತರಾದರೂ ಬಿಡುಗಡೆ ಸಿಗುತ್ತೆ ಅಂದುಕೊಂಡವರಿಗೆ, ಸತ್ತ ಮೇಲೂ ಎಬ್ಬಿಸಿ ದುಡಿಸುತ್ತಾರೆ ಎಂಬ ಭಯ. ಜೀತ ಗೊತ್ತಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗುಲಾಮರು ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಅದೇ ಹೈಟಿಯನ್ನು ಆಕ್ರಮಿಸಿ ಕೂತು, ಜನರನ್ನು ಹಿಡಿದು ತಂದು ರಸ್ತೆ ಕೆಲಸಕ್ಕೆ ಬಿಟ್ಟಿ ದುಡಿಸಿತು. ಆ ಕಾಲದಲ್ಲೇ, 1932ರಲ್ಲಿ, 'ವೈಟ್ ಜೋಂಬಿ' ಬಂತು. ಅದರಲ್ಲೊಂದು ಸಕ್ಕರೆ ಗಿರಣಿಯ ದೃಶ್ಯವಿದೆ. ಸತ್ತವರು ಗಾಣ ತಿರುಗಿಸುತ್ತಿದ್ದಾರೆ. ಒಬ್ಬ ಕಾಲು ತಪ್ಪಿ ಗಾಣದೊಳಕ್ಕೆ ಬೀಳುತ್ತಾನೆ. ಗಾಣ ನಿಲ್ಲುವುದಿಲ್ಲ, ಉಳಿದವರು ತಿರುಗಿ ನೋಡುವುದಿಲ್ಲ. ಇಡೀ ಬಂಡವಾಳಶಾಹಿ ಆ ಅರೆ ನಿಮಿಷದಲ್ಲಿದೆ. ಆದರೆ ಸಿನಿಮಾ ಅಲ್ಲಿ ನಿಲ್ಲಲಿಲ್ಲ. ಅಯ್ಯೋ, ಬಿಳಿ ಹೆಣ್ಣೊಬ್ಬಳು ಜೋಂಬಿಯಾದಳಲ್ಲ ಅಂತ ಕಣ್ಣೀರು ಹಾಕಲು ಹೊರಟುಹೋಯಿತು. ಗುಲಾಮನ ಭಯವನ್ನು ಕದ್ದು ಒಡೆಯನ ಭಯ ಮಾಡಿಕೊಂಡದ್ದು ಹೀಗೆ.

ಆ ಕದ್ದ ಮಾಲನ್ನು ತಲೆಕೆಳಗು ಮಾಡಿದ್ದು ಜಾರ್ಜ್ ರೊಮೆರೊನ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಮಾರ್ಟಿನ್ ಲೂಥರ್ ಕಿಂಗರನ್ನು ಗುಂಡಿಟ್ಟು ಕೊಂದ 1968ರಲ್ಲೇ, ಆರು ತಿಂಗಳ ನಂತರ, ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುತ್ತಿದ್ದಾರೆ. ಹೊಲದ ನಡುವಿನ ಒಂದು ಮನೆಯಲ್ಲಿ ಏಳು ಜನ ಸಿಕ್ಕಿಕೊಂಡಿದ್ದಾರೆ. ಅವರಲ್ಲಿ ಬೆನ್ ಒಬ್ಬನೇ ಕಪ್ಪು ಮನುಷ್ಯ. ಬಾಗಿಲಿಗೆ ಹಲಗೆ ಬಡಿಯುವವನು ಅವನು, ಧೈರ್ಯ ಹೇಳುವವನು ಅವನು. ಆದರೆ ಸಿನಿಮಾ ಅವನನ್ನು ದೇವರು ಮಾಡುವುದಿಲ್ಲ. ಅವನೂ ಸಿಟ್ಟಿಗೇಳುತ್ತಾನೆ, ಕೈ ಮಾಡುತ್ತಾನೆ, ಕೊಲ್ಲುತ್ತಾನೆ. ನೆಲಮಾಳಿಗೆಯೇ ಲೇಸು ಅಂದ ಜಗಳಗಂಟನ ಮಾತನ್ನು ರಾತ್ರಿಯೆಲ್ಲ ತಳ್ಳಿಹಾಕಿ, ಕೊನೆಗೆ ಅದೇ ನೆಲಮಾಳಿಗೆಯಲ್ಲಿ ಅವಿತು ಜೀವ ಉಳಿಸಿಕೊಳ್ಳುತ್ತಾನೆ. ಬೆಳಗಾಗುತ್ತದೆ. ಕೋವಿ ಹಿಡಿದ ಬಿಳಿಯರ ಗುಂಪು ಬರುತ್ತದೆ. ಕಿಟಕಿಯಲ್ಲಿ ಕಪ್ಪು ತಲೆಯೊಂದು ಕಾಣುತ್ತದೆ. ದೆವ್ವ ಎಂದು ಹೊಡೆದುಹಾಕುತ್ತಾರೆ. ಅಲ್ಲಿಂದ ಮುಂದೆ ಬರೀ ನಿಂತ ಚಿತ್ರಗಳು: ಕೊಕ್ಕೆ ಹಾಕಿ ಹೆಣ ಎಳೆಯುವುದು, ಬೆಂಕಿ ಇಡುವುದು. ಯಾವುದೋ ಹಳೆ ಪತ್ರಿಕೆಯಲ್ಲಿ ನೋಡಿದ ಹಾಗಿದೆಯಲ್ಲ ಅನ್ನಿಸುತ್ತೆ. ಆ ದೇಶದಲ್ಲಿ ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಫೋಟೋ ತೆಗೆಸಿಕೊಂಡವರ ಚಿತ್ರಗಳು ಹೀಗೇ ಇವೆ. ಇರುಳಿಡೀ ಸತ್ತವರಿಂದ ತಪ್ಪಿಸಿಕೊಂಡವನು ಹಗಲು ಬದುಕಿರುವವರ ಕೈಲಿ ಸತ್ತ. ನಮ್ಮವ್ವ ಈ ಸಿನಿಮಾ ನೋಡಿಲ್ಲ, ಆದರೂ ಅವಳಿಗೆ ಇದು ಗೊತ್ತಿತ್ತು.

ಎಲ್ಲ ಪಟ್ಟಿಗಳಲ್ಲೂ ಇರುವ ಸಿನಿಮಾ ಜಾನ್ ಕಾರ್ಪೆಂಟರನ 'ಹ್ಯಾಲೋವೀನ್', 1978ರದ್ದು. ಕಟ್ಟಿದ ಬಗೆ ಬಲು ಬಿಗಿ, ಅದನ್ನು ಒಪ್ಪಲೇಬೇಕು. ಆದರೆ ಅಲ್ಲಿನ ಭಯ ಯಾರದು? ಹುಲ್ಲುಹಾಸಿನ ಬೀದಿ, ಬಣ್ಣ ಹೊಡೆದ ಮನೆ, ಉಂಡು ಸುಖವಾಗಿರುವ ಜನ. ಅವರ ಬೀದಿಗೆ ಕೇಡು ಕಾಲಿಟ್ಟಿತಲ್ಲ ಎಂಬ ಭಯ. ಕೊಲೆಗಾರ ಯಾಕೆ ಕೊಲ್ಲುತ್ತಾನೆ ಅಂದರೆ ಕೇಡು ಅಂದರೆ ಕೇಡು, ಅಷ್ಟೇ. ಕಾರಣ ಕೇಳದ ಭಯ ಯಥಾಸ್ಥಿತಿಯ ಗೆಳೆಯ. ಆದರೂ ಒಂದು ಗಳಿಗೆ ನಮ್ಮನ್ನು ಕಾಡಿತು. ಜೀವ ಕೈಲಿ ಹಿಡಿದು ಓಡಿಬಂದ ಹುಡುಗಿ ಪಕ್ಕದ ಮನೆ ಬಾಗಿಲು ಬಡಿಯುತ್ತಾಳೆ. ಒಳಗಿನವರು ದೀಪ ಹಾಕುತ್ತಾರೆ, ಇಣುಕುತ್ತಾರೆ, ದೀಪ ಆರಿಸುತ್ತಾರೆ. ನಮ್ಮ ಗುಡಿಸಲಿಗೆ ಬೆಂಕಿ ಬಿದ್ದ ರಾತ್ರಿ ಊರೊಳಗಿನ ದೀಪಗಳು ಆರಿದ್ದೂ ಹೀಗೆಯೇ.

1992ರ 'ಕ್ಯಾಂಡಿಮ್ಯಾನ್' ಬಗ್ಗೆ ನಮ್ಮಲ್ಲಿ ಜಗಳವೇ ಆಯಿತು. ಷಿಕಾಗೋದ ಕಬ್ರಿನಿ-ಗ್ರೀನ್ ಎಂಬ ಬಡವರ ವಸತಿಯಲ್ಲಿ ಒಂದು ದೆವ್ವ. ಅವನು ಗುಲಾಮನ ಮಗ, ಚಿತ್ರಕಾರ. ಬಿಳಿ ಸಿರಿವಂತನ ಮಗಳನ್ನು ಪ್ರೀತಿಸಿದ. ಅವನ ಕೈ ಕತ್ತರಿಸಿ, ಮೈಗೆ ಜೇನು ಬಳಿದು, ಹುಳುಗಳಿಂದ ಕಚ್ಚಿಸಿ ಕೊಂದರು. ಜಾತಿ ಮೀರಿ ಪ್ರೀತಿಸಿದ ನಮ್ಮ ಹುಡುಗರ ಹೆಣಗಳನ್ನು ನಾವು ರೈಲು ಹಳಿಗಳ ಮೇಲೆ ಕಂಡಿದ್ದೇವೆ. ಈ ಕತೆ ನಮ್ಮದೇ. ಆದರೆ ದೆವ್ವವಾದ ಮೇಲೆ ಅವನ ಕೊಕ್ಕೆ ಯಾರ ಕಡೆ ತಿರುಗಬೇಕಿತ್ತು? ಕೊಂದವರ ಕಡೆ ಅಲ್ಲವೇ? ಅವನು ತನ್ನ ಬಡಜನರನ್ನೇ ಹೆದರಿಸುತ್ತಾನೆ. ಕತೆಯ ನಾಯಕಿಯೋ ಪ್ರಬಂಧ ಬರೆಯಲು ವಸತಿಗೆ ಬಂದ ಬಿಳಿ ಸಂಶೋಧಕಿ. ನಮ್ಮ ಕೇರಿಗೂ ಬರುತ್ತಾರಲ್ಲ, ಹಾಗೆ. 2021ರಲ್ಲಿ ನಿಯಾ ಡಕೋಸ್ಟಾ ಎಂಬ ಕಪ್ಪು ಹೆಣ್ಣುಮಗಳು ಅದೇ ಕತೆಯನ್ನು ಮತ್ತೆ ಎತ್ತಿಕೊಂಡಳು. ಎರಡನ್ನೂ ಒಟ್ಟಿಗೆ ನೋಡಿದರೆ, ದೆವ್ವದ ಕತೆ ಯಾರ ಬಾಯಲ್ಲಿದೆ ಎಂಬುದು ಎಷ್ಟು ಮುಖ್ಯ ಎಂದು ತಿಳಿಯುತ್ತದೆ.

ಕೊನೆಯದು ಜೋರ್ಡನ್ ಪೀಲ್‌ನ 'ಗೆಟ್ ಔಟ್', 2017. ಇದರಲ್ಲಿ ಬೈಯುವ ಬಿಳಿಯರಿಲ್ಲ. ಎಲ್ಲರೂ ನಗುನಗುತ್ತ ಮಾತಾಡಿಸುವವರು, ಒಬಾಮನಿಗೆ ಮೂರನೇ ಸಲವೂ ಓಟು ಹಾಕುತ್ತಿದ್ದೆ ಎನ್ನುವವರು. ಆ ನಗೆಯ ಹಿಂದೆ ಕಪ್ಪು ಮೈಯ ಹರಾಜು ನಡೆಯುತ್ತದೆ. 'ನಮಗೆ ಜಾತಿಗೀತಿ ಏನಿಲ್ಲಪ್ಪ' ಎಂದು ಬೆನ್ನು ತಟ್ಟಿ, ಬಾಡಿಗೆಗೆ ಮನೆ ಕೇಳಿದಾಗ ಊರು ಕೇರಿ ವಿಚಾರಿಸುವವರನ್ನು ಕಂಡ ನಮಗೆ ಇದಕ್ಕಿಂತ ಭಯದ ಸಿನಿಮಾ ಬೇಕಿಲ್ಲ. ಕುರ್ಚಿಗೆ ಕಟ್ಟಿಹಾಕಿದ ಹುಡುಗ ಕುರ್ಚಿಯೊಳಗಿನ ಹತ್ತಿಯನ್ನು ಕಿತ್ತು ಕಿವಿಗೆ ತುರುಕಿಕೊಂಡು ಪಾರಾಗುತ್ತಾನೆ. ತಲೆಮಾರುಗಟ್ಟಲೆ ಅವನ ಹಿರಿಯರ ಬೆನ್ನು ಮುರಿದ ಹತ್ತಿ ಅದು. ಕೊನೆಯಲ್ಲಿ ಪೊಲೀಸ್ ದೀಪ ಮಿನುಗಿದಾಗ ನೋಡುವವರ ಎದೆ ಧಸಕ್ಕೆನ್ನುತ್ತದೆ. ರಕ್ಷಣೆ ಬಂತು ಅಂತ ಯಾರಿಗೂ ಅನ್ನಿಸೋದಿಲ್ಲ. ಮೊದಲು ಮಾಡಿದ ಮುಕ್ತಾಯದಲ್ಲಿ ಆ ಹುಡುಗ ಜೈಲಿಗೆ ಹೋಗುತ್ತಿದ್ದ. ಪೀಲ್ ಅದನ್ನು ಬದಲಿಸಿ ಗೆಳೆಯನನ್ನು ಕಳಿಸಿದ. ಬೆನ್ ಸಾಯಲೇಬೇಕಿತ್ತು, ಐವತ್ತು ವರ್ಷ ಕಳೆದ ಮೇಲೆ ಒಬ್ಬನಾದರೂ ಮನೆ ಸೇರಬೇಕಿತ್ತು. ಇದನ್ನು ರಾಜಿ ಎಂದವರಿದ್ದಾರೆ. ನಾವು ಹಾಗೆನ್ನಲಾರೆವು.

ಹಾಸ್ಟೆಲಿನ ಗೆಳೆಯರು ಆ ರಾತ್ರಿ ಒಂದೇ ಸಿನಿಮಾ ನೋಡುವುದಾದರೆ 1968ರದ್ದನ್ನು ನೋಡಿ. ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಗಿ ಅದು ಸಾರ್ವಜನಿಕರ ಸ್ವತ್ತಾಗಿದೆ, ದುಡ್ಡು ಕೊಡಬೇಕಿಲ್ಲ. ಎರಡು ನೋಡುವುದಾದರೆ ಅದರ ಬೆನ್ನಿಗೇ 'ಗೆಟ್ ಔಟ್'. ಮುಗಿದ ಮೇಲೆ ದೀಪ ಹಾಕಿ ಕೂತು ಮಾತಾಡಿ. ಮಾತಿಗೆ ಒಂದು ಪ್ರಶ್ನೆಯನ್ನು ನಾವೇ ಇಡುತ್ತೇವೆ. ನಮ್ಮವರು ಇಳಿದು ಮೇಲೆ ಬಾರದ ಮ್ಯಾನ್‌ಹೋಲಿಗಿಂತ ಕತ್ತಲಾದ ನೆಲಮಾಳಿಗೆ ಯಾವ ಸಿನಿಮಾದಲ್ಲಿದೆ? ಆ ಕತೆಯನ್ನು ಬಂದುಹೋಗುವ ಸಂಶೋಧಕಿ ಹೇಳಬೇಕೋ, ಇಳಿದವನ ಮಗಳು ಹೇಳಬೇಕೋ?