ಯುದ್ಧದ ಕೋವಿಗೆ ಆಟದ ಹೆಸರು

ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರದೇ ನ್ಯಾಯ ನಡೆಯುತ್ತದೆ. ಇದನ್ನು ನಮಗೆ ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಾಗಿಲ್ಲ. ನಮ್ಮ ಅಪ್ಪ ಅವ್ವಂದಿರನ್ನು ಊರು ಏನಂತ ಕೂಗುತ್ತಿತ್ತು ಅನ್ನೋದು ನೆನಪಿದ್ದರೆ ಸಾಕು. ಹಾಗಾಗಿ ಅಮೆರಿಕದ ಬಂದೂಕು ಉದ್ಯಮದ ಸಂಘ 2009ರಲ್ಲಿ ಚಲಾವಣೆಗೆ ಬಿಟ್ಟ ಒಂದು ಹೆಸರನ್ನು ನಾವಿಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ‘ಮಾಡರ್ನ್ ಸ್ಪೋರ್ಟಿಂಗ್ ರೈಫಲ್’, ಅಂದರೆ ಆಧುನಿಕ ಕ್ರೀಡಾ ಬಂದೂಕು. ಬರೀ ಮೂರು ಪದ. ಕವಿತೆಯ ಸಾಲನ್ನು ಓದುವಷ್ಟೇ ಎಚ್ಚರದಿಂದ ಇವನ್ನು ಓದಬೇಕು. ಯಾಕೆಂದರೆ ಇವುಗಳ ಅಡಿಯಲ್ಲಿ ಮಕ್ಕಳ ಹೆಣಗಳಿವೆ.

ಮೊದಲು ವಸ್ತುವನ್ನು ನೋಡೋಣ. ಆರ್ಮಲೈಟ್ ಎಂಬ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ಎಂಬ ಎಂಜಿನಿಯರು 1950ರ ದಶಕದಲ್ಲಿ ಸೈನ್ಯಕ್ಕೆಂದು ರೂಪಿಸಿದ ಬಂದೂಕು ಎಆರ್-15. 1959ರಲ್ಲಿ ಕೋಲ್ಟ್ ಕಂಪನಿ ಅದರ ಹಕ್ಕು ಕೊಂಡಿತು. ಎಂ-16 ಎಂಬ ಹೆಸರಿನಲ್ಲಿ ಅದು ವಿಯೆಟ್ನಾಮಿನ ಗದ್ದೆಗಳಿಗೆ ಇಳಿಯಿತು. 1964ರಲ್ಲಿ ಅದೇ ಕೋಲ್ಟ್ ಕಂಪನಿ ಅದನ್ನೇ ಕೊಂಚ ಬದಲಿಸಿ, ‘ಸ್ಪೋರ್ಟರ್’ ಅಂತ ಹೆಸರಿಟ್ಟು, ಬೇಟೆಗಾರರಿಗೆ ಒಳ್ಳೆಯ ಸಂಗಾತಿ ಎಂದು ಅಂಗಡಿಗಳಲ್ಲಿ ಮಾರಿತು. ವ್ಯತ್ಯಾಸವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಸೈನಿಕನದು ಟ್ರಿಗರ್ ಒತ್ತಿ ಹಿಡಿದರೆ ಸರಣಿಯಾಗಿ ಸುಡಬಲ್ಲದು. ಅಂಗಡಿಯದು ಒತ್ತಿದ ಸಲಕ್ಕೊಂದು ಗುಂಡು ಮಾತ್ರ. ಆದರೆ ಗುಂಡು ಅದೇ ಸಣ್ಣ ಗುಂಡು, ವೇಗ ಸೆಕೆಂಡಿಗೆ ಸುಮಾರು 3000 ಅಡಿ. ಮೂವತ್ತು ಗುಂಡಿನ ಡಬ್ಬಿ ಖಾಲಿಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದನ್ನು ಸಿಕ್ಕಿಸಬಹುದು.

ಈ ‘ಕ್ರೀಡೆ’ ಎಂಬ ಪದ ಎಲ್ಲಿಂದ ಬಂತು? ಅಲಂಕಾರಕ್ಕೆ ಬಂದದ್ದಲ್ಲ. ಅದು ಕಾನೂನಿನ ಬೀಗದ ಕೈ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಹೊರದೇಶದ ಬಂದೂಕು ಒಳಗೆ ಬರಬೇಕಾದರೆ ಅದು ‘ಕ್ರೀಡಾ ಉದ್ದೇಶಕ್ಕೆ’ ತಕ್ಕದ್ದಾಗಿರಬೇಕು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರಿನ ಪ್ರಾಥಮಿಕ ಶಾಲೆಯ ಆಟದ ಬಯಲಿನಲ್ಲಿ ಒಬ್ಬ ಎಕೆ ಮಾದರಿಯ ಬಂದೂಕಿನಿಂದ ಐದು ಮಕ್ಕಳನ್ನು ಕೊಂದ. ಐವರೂ ಕಾಂಬೋಡಿಯಾ, ವಿಯೆಟ್ನಾಂ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು. ಯುದ್ಧದಿಂದ ಓಡಿ ಬಂದವರ ಮಕ್ಕಳನ್ನು ಯುದ್ಧದ ಕೋವಿ ಶಾಲೆಯವರೆಗೂ ಹುಡುಕಿಕೊಂಡು ಬಂತು. ಅದೇ ವರ್ಷ ಅಲ್ಲಿನ ಸರ್ಕಾರ, ಇಂಥ ಬಂದೂಕುಗಳು ಕ್ರೀಡೆಗೆ ತಕ್ಕವಲ್ಲ ಎಂದು ಆಮದು ನಿಲ್ಲಿಸಿತು.

1994ರಲ್ಲಿ ದೇಶದೊಳಗಿನ ಹೊಸ ತಯಾರಿಕೆಗೂ ಹತ್ತು ವರ್ಷದ ನಿಷೇಧ ಬಂತು. ಆದರೆ ಆ ಕಾನೂನು ಬಂದೂಕಿನ ಅಂಗಾಂಗ ಎಣಿಸುತ್ತಾ ಕೂತಿತು: ಬಯೊನೆಟ್ ಸಿಕ್ಕಿಸುವ ಜಾಗ ಇದೆಯೇ, ಹಿಡಿ ಮಡಚುತ್ತದೆಯೇ, ಬೆಂಕಿಯ ಮಿಂಚು ಮರೆಮಾಡುವ ಮೂತಿ ಇದೆಯೇ. ಕಂಪನಿಗಳು ಒಂದೆರಡು ಅಂಗ ಕತ್ತರಿಸಿ ಉಳಿದದ್ದನ್ನು ಮಾರಿದವು. 2004ರಲ್ಲಿ ನಿಷೇಧದ ಅವಧಿ ಮುಗಿಯಿತು, ಮತ್ತೆ ನವೀಕರಿಸಲಿಲ್ಲ. ಐದೇ ವರ್ಷಕ್ಕೆ ಹೊಸ ಹೆಸರು ತಯಾರು. ಇಂದು ಎರಡು ಕೋಟಿಗೂ ಹೆಚ್ಚು ಇಂಥ ಬಂದೂಕುಗಳು ಅಲ್ಲಿನ ಜನರ ಬಳಿ ಇವೆ ಎಂದು ಆ ಸಂಘವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ.

ಬೇಟೆಗಾರರ ವಾದಕ್ಕೆ ಕಿವಿಗೊಡದೆ ಬೈದರೆ ಅದು ವಿಮರ್ಶೆಯಾಗುವುದಿಲ್ಲ. ಅವರ ಮಾತಿನಲ್ಲಿ ಹುರುಳಿದೆ. ಬೇಟೆಯ ಕೋವಿಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ದಂಡಿನ ಕೋವಿಗಳೇ. ಜರ್ಮನಿಯ ಮೌಸರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್, ಇಂಗ್ಲಿಷರ ಲೀ-ಎನ್‌ಫೀಲ್ಡ್ ಯುದ್ಧ ಮುಗಿದ ಮೇಲೆ ಬೇಟೆಗಾರರ ಹೆಗಲೇರಿದವು. ಎಆರ್-15 ಹಗುರ, ಹೆಗಲಿಗೆ ಒದೆತ ಕಡಿಮೆ. ಟೆಕ್ಸಾಸಿನಲ್ಲಿ ಹಂದಿಯ ಹಿಂಡು ಹೊಲಕ್ಕೆ ನುಗ್ಗಿದರೆ ಬೇಗ ಬೇಗ ಹೊಡೆಯುವ ಕೋವಿ ಬೇಕು ಅಂತಾರೆ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಬೆಳೆ ಕಾದವರಿಗೆ ಇದು ಅರ್ಥವಾಗದ ಮಾತೇನಲ್ಲ.

ಆದರೆ ಆ ಹಳೆಯ ಕೋವಿಗಳಿಗೂ ಇದಕ್ಕೂ ನಡುವೆ ಒಂದು ಗಳಿಗೆಯ ಅಂತರವಿದೆ. ಅವುಗಳಲ್ಲಿ ಪ್ರತಿ ಈಡಿಗೂ ಬೋಲ್ಟು ಎಳೆದು ಹಾಕಬೇಕು. ಆ ಗಳಿಗೆಯಲ್ಲಿ ಒಂದು ಮಗು ಬಾಗಿಲು ದಾಟಿ ಓಡಬಹುದು. ಇನ್ನೊಂದು ಸೋಜಿಗ ಕೇಳಿ. ಅಮೆರಿಕದ ಕಾನೂನಿನಲ್ಲಿ 1935ರಿಂದ, ಬಾತುಕೋಳಿಯಂಥ ವಲಸೆ ಹಕ್ಕಿ ಹೊಡೆಯುವ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಸಬಾರದು. ಹಕ್ಕಿಯ ಸಂತತಿ ಉಳಿಯಬೇಕಲ್ಲ! ವರ್ಜೀನಿಯಾ ರಾಜ್ಯದಲ್ಲಿ ಜಿಂಕೆ ಹೊಡೆಯುವ ರೈಫಲ್ಲಿನ ಅಳತೆ .23 ಅಂಗುಲಕ್ಕೆ ಕಡಿಮೆ ಇರಬಾರದು. ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗಳಿಗೆ.24. ಎಆರ್-15ರ ಸಾಮಾನ್ಯ ಗುಂಡು .223. ದೊಡ್ಡ ಗುಂಡಿನ ನಳಿಗೆಗಳೂ ಸಿಗುತ್ತವೆ, ನಿಜ. ಆದರೂ ಬಹುಪಾಲು ಮಾರಾಟವಾಗುವ ‘ಕ್ರೀಡಾ ಬಂದೂಕು’ ಈ ರಾಜ್ಯಗಳಲ್ಲಿ ಜಿಂಕೆಯ ಬೇಟೆಗೇ ಸಲ್ಲದು. ಬಾತುಕೋಳಿಗೆ ಮೂರು ಗುಂಡಿನ ಮಿತಿ ಇಟ್ಟ ದೇಶ ಶಾಲೆಯ ಮಕ್ಕಳಿಗೆ ಎಷ್ಟರ ಮಿತಿ ಇಟ್ಟಿದೆ?

ಇನ್ನು ಗುರಿ ಹೊಡೆಯುವ ಆಟ. ಅಂತರ್ಯುದ್ಧದಲ್ಲಿ ಸೈನಿಕರ ಗುರಿ ತೀರಾ ಕೆಟ್ಟದಾಗಿತ್ತೆಂದು ಬೇಸರಪಟ್ಟ ಸೇನಾಧಿಕಾರಿಗಳು 1871ರಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕಟ್ಟಿದರು. ನಾಗರಿಕರಿಗೆ ಗುರಿ ಕಲಿಸುವ ಸರ್ಕಾರಿ ಯೋಜನೆ 1903ರಲ್ಲಿ ಶುರುವಾಯಿತು. ಒಹಾಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ 1907ರಿಂದ ನಡೆದು ಬಂದ ಪಂದ್ಯಗಳಲ್ಲಿ ಸೈನ್ಯದ ಮಾದರಿಯ ರೈಫಲ್ಲಿಗೇ ಪ್ರತ್ಯೇಕ ಸ್ಪರ್ಧೆಯಿದೆ. ಕಾಗದದ ಹಲಗೆಗೆ ಗುಂಡು ಹೊಡೆದು ಖುಷಿಪಡುವವನು ಕೊಲೆಗಾರನಲ್ಲ. ಅಲ್ಲಿ ಲಕ್ಷಾಂತರ ಜನ ಯಾರಿಗೂ ತೊಂದರೆ ಕೊಡದೆ ಹಾಗೆ ಆಡುತ್ತಾರೆ. ಆದರೆ ಆ ಆಟ ಹುಟ್ಟಿದ್ದೇ ಕವಾಯತಿನ ಹೊಟ್ಟೆಯಲ್ಲಿ ಎಂಬುದನ್ನು ಮುಚ್ಚಿಟ್ಟು, ಅದು ಬರೀ ಮುಗ್ಧ ಆಟ ಅಂತ ಹೇಳಿದರೆ ನಾವು ನಂಬಬೇಕೆ?

ನಮಗೆ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಕೋವಿ ಹಿಡಿದವರೆಲ್ಲ ‘ಕ್ರೀಡಾಪಟು’ ಆಗುತ್ತಾರೆಯೆ? 1967ರ ಮೇ 2ರಂದು ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕರಿಯ ತರುಣರು ಕೋವಿ ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ನಡೆದರು. ಆಗಿನ ಕಾನೂನಿನಲ್ಲಿ ಅದು ತಪ್ಪಾಗಿರಲಿಲ್ಲ. ಪೊಲೀಸರ ದೌರ್ಜನ್ಯದಿಂದ ತಮ್ಮ ಕೇರಿಗಳನ್ನು ಕಾಯುವುದು ಅವರ ಉದ್ದೇಶ. ಆ ವರ್ಷವೇ ಮಲ್ಫರ್ಡ್ ಕಾಯ್ದೆ ಬಂತು, ತುಂಬಿದ ಕೋವಿಯನ್ನು ಬಹಿರಂಗವಾಗಿ ಒಯ್ಯುವುದು ಅಪರಾಧವಾಯಿತು. ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್. ಬೆಂಬಲಿಸಿದ್ದು ಅದೇ ರೈಫಲ್ ಅಸೋಸಿಯೇಷನ್! ಬಿಳಿಯನ ಕೈಯಲ್ಲಿ ಹಕ್ಕು, ಆಟ, ಪರಂಪರೆ. ಕರಿಯನ ಕೈಗೆ ಬಂದೊಡನೆ ಅದು ಅಪಾಯ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಪಡೆದದ್ದು ಈ ತರುಣರಿಂದಲೇ. ಆದ್ದರಿಂದ ಇದು ನಮಗೆ ದೂರದ ದೇಶದ ಜಗಳವಲ್ಲ.

ಈಗ ಜಾಹೀರಾತಿನ ಭಾಷೆ ನೋಡಿ. ಬುಷ್‌ಮಾಸ್ಟರ್ ಎಂಬ ಇದೇ ಬಗೆಯ ಬಂದೂಕಿನ ಜಾಹೀರಾತು, ಇದನ್ನು ಕೊಂಡರೆ ನಿನ್ನ ಗಂಡಸುತನದ ಕಾರ್ಡು ನಿನಗೆ ವಾಪಸು ಸಿಕ್ಕಂತೆ ಎಂಬರ್ಥದ ಮಾತಾಡಿತು. ಇದರಲ್ಲಿ ಜಿಂಕೆ ಎಲ್ಲಿದೆ? ಗುರಿಹಲಗೆ ಎಲ್ಲಿದೆ? 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ ಬುಷ್‌ಮಾಸ್ಟರ್ ಬಂದೂಕಿಗೆ 20 ಮಕ್ಕಳು, 6 ಮಂದಿ ಶಾಲೆಯವರು ಬಲಿಯಾದರು. ಸತ್ತವರ ಮನೆಯವರು ಮೊಕದ್ದಮೆ ಹೂಡಿದ್ದು ಮುಖ್ಯವಾಗಿ ಈ ಜಾಹೀರಾತಿನ ಭಾಷೆಯ ಮೇಲೆ. 2022ರಲ್ಲಿ 7.3 ಕೋಟಿ ಡಾಲರಿಗೆ ರಾಜಿಯಾಯಿತು. ಪದಗಳಿಗೆ ಹೊಣೆಯಿದೆ ಎಂಬುದನ್ನು ಮಕ್ಕಳನ್ನು ಕಳಕೊಂಡ ತಾಯಂದಿರು ಸಾಹಿತ್ಯ ವಿಮರ್ಶಕರಿಗಿಂತ ಚೆನ್ನಾಗಿ ತೋರಿಸಿಕೊಟ್ಟರು. ಅದೇ 2022ರ ಮೇ 14ರಂದು ಬಫಲೊ ನಗರದ ಅಂಗಡಿಯೊಂದರಲ್ಲಿ ಒಬ್ಬ ಬಿಳಿಯ ಜನಾಂಗವಾದಿ ಇಂಥದ್ದೇ ಬಂದೂಕಿನಿಂದ ಹತ್ತು ಕರಿಯರನ್ನು ಆರಿಸಿ ಕೊಂದ. ಅವರು ದಿನಸಿ ಕೊಳ್ಳಲು ಬಂದಿದ್ದರು.

ನಮ್ಮ ಸಾಹಿತ್ಯಕ್ಕೂ ಈ ಹೆಸರಿಡುವ ಚಾಳಿ ಹೊಸದಲ್ಲ. ಅರಸ ಕಾಡಿಗೆ ಹೋಗಿ ಕೊಂದರೆ ನಮ್ಮ ಕಾವ್ಯಗಳು ಅದನ್ನು ಮೃಗಯಾವಿನೋದ ಅಂದವು. ತಮಟೆ ಬಡಿದು, ಮುಳ್ಳು ತುಳಿದು ಪ್ರಾಣಿಯನ್ನು ಅವನ ಬಾಣದ ಮುಂದಕ್ಕೆ ಅಟ್ಟಿದವರ ಹೆಸರು ಯಾವ ಪದ್ಯದಲ್ಲೂ ಇಲ್ಲ. ಹಸಿದವನು ಉರುಲು ಹಾಕಿ ಮೊಲ ಹಿಡಿದರೆ ಅವನು ಕಳ್ಳಬೇಟೆಗಾರ. ಬ್ರಿಟಿಷರ 1878ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸು ಬೇಕಿದ್ದದ್ದು ಇಲ್ಲಿನವರಿಗೆ, ಯುರೋಪಿಯನ್ನರಿಗೆ ವಿನಾಯಿತಿ. ಅಲ್ಲೂ ಇಲ್ಲೂ ವಿನೋದ ಒಬ್ಬರದು, ಅಪರಾಧ ಇನ್ನೊಬ್ಬರದು.

ಗೆಳೆಯರೇ, ನಮ್ಮ ಕವಿತೆಗಳಲ್ಲೂ ಕೋವಿ ಇದೆ, ಕತ್ತಿ ಇದೆ. ಅವು ರೂಪಕಗಳು, ಮತ್ತು ರೂಪಕಗಳೆಂದೇ ಹೇಳಿಕೊಂಡು ಬರುತ್ತವೆ. ಇಲ್ಲಿ ನಡೆದದ್ದು ತಿರುಗುಮುರುಗು: ನಿಜವಾದ ಕೋವಿಯೊಂದು ರೂಪಕದ ವೇಷ ಹಾಕಿ ಆಟವಾಡಲು ಬಂದಿದೆ. ಶಾಲೆಯಲ್ಲಿ ಪಾಠ ಹೇಳುವ ಮೇಷ್ಟ್ರುಗಳು, ಹಾಸ್ಟೆಲ್ಲಿನಲ್ಲಿ ಕೂತು ಓದುವ ಹುಡುಗರು ಇಂಥ ಹೆಸರು ಕಂಡಾಗ ಮೂರು ಪ್ರಶ್ನೆ ಕೇಳಲಿ. ಈ ಹೆಸರಿಟ್ಟವರು ಯಾರು? ಇದರಿಂದ ಹಣ ಮಾಡಿಕೊಂಡವರು ಯಾರು? ಇದರ ಅಡಿಯಲ್ಲಿ ಸತ್ತವರು ಯಾರು? ಈ ಮೂರಕ್ಕೆ ಉತ್ತರ ಸಿಗುವ ತನಕ ನಾವು ಅದನ್ನು ಅದರ ಹುಟ್ಟುಹೆಸರಿನಿಂದಲೇ ಕರೆಯುತ್ತೇವೆ: ಯುದ್ಧದ ಕೋವಿ.