ಅಡಿಲೇಡಿನ ಬೂಟು, ಫ್ರೆಂಚರ ಗಲ್ಲಾಪೆಟ್ಟಿಗೆ

ಹೋದ ಭಾನುವಾರ ಜಯನಗರದ ಕಲ್ಯಾಣ ಮಂಟಪವೊಂದರ ಬಾಗಿಲಲ್ಲಿ, ಚಪ್ಪಲಿ ರಾಶಿಯ ನಡುವೆ, ಒಂದು ಜೊತೆ ಬೂಟು ಕಣ್ಣಿಗೆ ಬಿತ್ತು. ಕಂದು ಬಣ್ಣ, ಲೇಸಿಲ್ಲ, ಎರಡೂ ಪಕ್ಕಕ್ಕೆ ಎಲಾಸ್ಟಿಕ್, ಹಿಡಿದೆಳೆಯಲು ಹಿಂದೊಂದು ಮುಂದೊಂದು ಬಟ್ಟೆಯ ಕಿವಿ. ನನ್ನ ಅಥಣಿ ಚಪ್ಪಲಿಯನ್ನು ಅದರ ಪಕ್ಕದಲ್ಲೇ ಬಿಟ್ಟು, ಬಗ್ಗಿ ನೋಡಿದೆ. ಎಲಾಸ್ಟಿಕ್ ಕೂಡಿಸಿದ ಹೊಲಿಗೆ, ಹಿಮ್ಮಡಿಯ ಹಿಂದಿನದೊಂದು ಹೊಲಿಗೆ ಬಿಟ್ಟರೆ ಬೇರೆ ಜೋಡಣೆಯೇ ಇಲ್ಲ. ಹೆಸರು ಓದುವ ಮೊದಲೇ ಗೊತ್ತಾಯಿತು: ಅಡಿಲೇಡಿನ ಆರ್.ಎಂ. ವಿಲಿಯಮ್ಸ್.

ಗೆಳೆಯನ ಮಗನದಂತೆ. ತಂಗಿಯ ಮದುವೆಗೆ ಮೆಲ್ಬರ್ನ್‌ನಿಂದ ಬಂದಿದ್ದ. “ಅಂಕಲ್, ಈಗ ಈ ಕಂಪನಿ ಮತ್ತೆ ಆಸ್ಟ್ರೇಲಿಯದವರದೇ. ಫ್ರೆಂಚರಿಂದ ವಾಪಸ್ ತಗೊಂಡ್ರು” ಎಂದ. ಮೈಸೂರು ಸ್ಯಾಂಡಲ್ ಸೋಪಿನ ವಿಷಯ ಬಂದಾಗ ನಮ್ಮಪ್ಪನ ದನಿಯಲ್ಲಿ ಇರುತ್ತಿದ್ದ ಅದೇ ಹೆಮ್ಮೆ. ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು, ಹೋಳಿಗೆ ಬರುವವರೆಗೂ ಅದನ್ನೇ ಮಾತಾಡಿದೆವು. ಒಮ್ಮತಕ್ಕೆ ಬರಲಿಲ್ಲ.

ರೆಜಿನಾಲ್ಡ್ ಮರ್ರೇ ವಿಲಿಯಮ್ಸ್ ಹುಟ್ಟಿದ್ದು 1908ರಲ್ಲಿ. 1930ರ ದಶಕದ ಆರಂಭದ ಆರ್ಥಿಕ ಕುಸಿತದಲ್ಲಿ ಹೆಂಡತಿ ಮಕ್ಕಳೊಂದಿಗೆ ದಕ್ಷಿಣ ಆಸ್ಟ್ರೇಲಿಯದ ಫ್ಲಿಂಡರ್ಸ್ ಬೆಟ್ಟಸಾಲಿನ ಕಣಿವೆಯೊಂದರಲ್ಲಿ ಬೀಡುಬಿಟ್ಟಿದ್ದ. ಅಲ್ಲಿಗೆ ಬಂದವನು ಡಾಲರ್ ಮಿಕ್ ಎಂಬ ಅಲೆಮಾರಿ ಸವಾರ. ಜೀನು, ಲಗಾಮು, ಬೂಟು, ಚರ್ಮದ್ದು ಏನಿದ್ದರೂ ಅವನ ಕೈಗೆ ನೀರು ಕುಡಿದಷ್ಟು ಸಲೀಸು. ಅವನು ಕಲಿಸಿದ, ಇವನು ಕಲಿತ. ಮಗನ ಕಾಯಿಲೆಗೆ ದುಡ್ಡು ಬೇಕಾದಾಗ ವಿಲಿಯಮ್ಸ್ ‘ದನಗಳ ದೊರೆ’ ಎಂದು ಹೆಸರಾಗಿದ್ದ ಸಿಡ್ನಿ ಕಿಡ್ಮನ್‌ಗೆ ಹೇರು ಹೊರುವ ಜೀನು ಮಾಡಿ ಮಾರಿದ. ಆಮೇಲೆ ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿದ್ದ ಅಪ್ಪನ ಮನೆಯಲ್ಲೇ ಕೆಲಸ ಹೂಡಿ, ಜೊತೆಗೆ 20 ಷಿಲಿಂಗ್‌ನಂತೆ ಅಂಚೆಯಲ್ಲಿ ಬೂಟು ಕಳಿಸತೊಡಗಿದ.

ಇದು ಕುದುರೆ ಮೇಲೆ ಕೂತು ದನ ಕಾಯುವವರ ಬೂಟು. ರಿಕಾಪಿಗೆ ಸಿಕ್ಕಿಕೊಳ್ಳಲು ಲೇಸಿರಬಾರದು, ಹಿಮ್ಮಡಿ ಎತ್ತರವಿದ್ದು ಕಾಲು ಮುಂದಕ್ಕೆ ಜಾರದಂತೆ ತಡೆಯಬೇಕು. ಹೊಲಿಗೆ ಕಡಿಮೆಯಾದಷ್ಟೂ ನೀರು ನುಗ್ಗುವ, ಬಿಚ್ಚಿಕೊಳ್ಳುವ ಜಾಗ ಕಡಿಮೆ. ಹಾಗಾಗಿ ಒಂದೇ ತುಂಡು ಚರ್ಮ. ಹೇಳಲು ಸುಲಭ. ಚಪ್ಪಟೆ ಚರ್ಮವನ್ನು ಪಾದದ ಮೇಲಿನ ಬಾಗಿಗೆ ಸುಕ್ಕಿಲ್ಲದೆ ಎಳೆದು ಕೂರಿಸುವುದಿದೆಯಲ್ಲ, ಕಸುಬುದಾರನ ಕೈ ತಿಳಿಯುವುದು ಅಲ್ಲೇ. ಮುಳ್ಳು ಗೀರಿದ, ಉಣ್ಣೆ ಕಚ್ಚಿದ ಕಲೆಯಿಲ್ಲದ ದೊಡ್ಡ ತುಂಡೇ ಆಗಬೇಕು. ಸಣ್ಣ ತುಂಡುಗಳನ್ನು ಕೂಡಿಸಿ ಕಲೆ ಮುಚ್ಚುವ ಜಾಣತನ ಇಲ್ಲಿ ನಡೆಯದು. ಬೆಲೆ ಅಲ್ಲಿಯೇ 600 ಡಾಲರ್ ದಾಟಲು, ನಮ್ಮ ಲೆಕ್ಕದಲ್ಲಿ 30 ಸಾವಿರ ಮೀರಲು, ಹೆಸರಿನ ಜೊತೆ ಇದೂ ಒಂದು ಕಾರಣ.

ಇನ್ನೊಂದು ತಮಾಷೆ. ಎಲಾಸ್ಟಿಕ್ಕಿಗೆ ಬೇಕಾದ ರಬ್ಬರನ್ನು ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್‌ನದು. ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಬೂಟಿನ ಅಂಚಿಗೆ ವೆಲ್ಟ್ ಎಂಬ ಚರ್ಮದ ಪಟ್ಟಿ ಹೊಲಿದು, ಅದಕ್ಕೆ ಅಟ್ಟೆ ಹೊಲಿಯುವ ಯಂತ್ರಕ್ಕಿರುವುದು ಅವನ ಮಗನ ಹೆಸರು. ಅಪ್ಪ ಪಕ್ಕದಲ್ಲಿ, ಮಗ ಅಡಿಯಲ್ಲಿ. ಮಗನ ಉಪಕಾರವೇ ದೊಡ್ಡದು: ಅಟ್ಟೆ ಸವೆದರೆ ಹೊಲಿಗೆ ಬಿಚ್ಚಿ ಹೊಸದು ಕೂಡಿಸಬಹುದು, ಮೇಲ್ಭಾಗಕ್ಕೆ ಏನೂ ಆಗದು.

ಈಗ ಒಡೆತನದ ಕಥೆ. 1988ರಲ್ಲಿ ಕಂಪನಿ ವಿಲಿಯಮ್ಸ್ ಕೈಬಿಟ್ಟಿತು. ಕೊಂಡವರು ಮುಗ್ಗರಿಸಿದ ಮೇಲೆ 1993ರಲ್ಲಿ ಕೆನ್ ಕೌಲಿ, ಕೆರ್ರಿ ಸ್ಟೋಕ್ಸ್ ಎತ್ತಿಕೊಂಡರು. 2013ರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಎಲ್ ಕ್ಯಾಪಿಟಲ್ ಪಾಲಾಯಿತು. ಅದರ ಬೆನ್ನಿಗಿದ್ದದ್ದು ಲೂಯಿ ವಿಟಾನ್ ಮಾರುವ ಫ್ರೆಂಚ್ ಸಮೂಹ ಎಲ್‌ವಿಎಂಎಚ್. ಮರುವರ್ಷ ಹಿಡಿತವೂ ಅವರದೇ ಆಯಿತು. 2020ರಲ್ಲಿ ಗಣಿ ಉದ್ಯಮಿ ಆಂಡ್ರ್ಯೂ ಫಾರೆಸ್ಟ್ ಮತ್ತು ನಿಕೋಲಾ ಫಾರೆಸ್ಟ್ ಅವರ ಟ್ಯಾಟರಾಂಗ್ ಕೊಂಡಾಗ ದೇಶವೇ ಮಗಳನ್ನು ತವರಿಗೆ ಕರೆತಂದಂತೆ ಸಂಭ್ರಮಿಸಿತು. ಆದರೆ ಮಗಳು ತವರು ಬಿಟ್ಟಿದ್ದಾದರೂ ಯಾವಾಗ? ಫ್ರೆಂಚರ ದುಡ್ಡಿದ್ದ ಅಷ್ಟೂ ವರ್ಷ ಬೂಟು ತಯಾರಾಗುತ್ತಿದ್ದದ್ದು ಅಡಿಲೇಡಿನ ಸಾಲಿಸ್ಬರಿಯಲ್ಲೇ.

ಇದರ ತಿರುಗುಮುರುಗು ನೋಡಬೇಕೆಂದರೆ ಟಾಸ್ಮೇನಿಯಾದ ಬ್ಲಂಡ್‌ಸ್ಟೋನ್. ಹೋಬಾರ್ಟ್‌ನಲ್ಲಿ 1870ರಲ್ಲಿ ಶುರುವಾದದ್ದು. 1930ರ ದಶಕದಿಂದ ಅಲ್ಲಿನ ಕತ್ಬರ್ಟ್‌ಸನ್ ಕುಟುಂಬದ ಆಸ್ತಿ, ಇಂದಿಗೂ. ಒಡೆತನ ಅಪ್ಪಟ ದೇಶಿ. ಆದರೆ 2007ರಲ್ಲಿ ಅದೇ ಕುಟುಂಬ, ಬೂಟಿನ ಕೆಲಸ ಥಾಯ್ಲೆಂಡಿಗೂ ಭಾರತಕ್ಕೂ ಹೋಗುತ್ತದೆ ಎಂದು ಸಾರಿತು. 300ಕ್ಕೂ ಹೆಚ್ಚು ಜನರ ಕೆಲಸ ಹೋಯಿತು; ಗಮ್‌ಬೂಟು ಮಾತ್ರ ಹೋಬಾರ್ಟ್‌ನಲ್ಲಿ ಉಳಿಯಿತು. ನಾವು ಮದ್ರಾಸ್ ಹೆದ್ದಾರಿಯಲ್ಲಿ ಬಿರಿಯಾನಿಗೆಂದು ನಿಲ್ಲಿಸುವ ಆಂಬೂರಿನ ಸುತ್ತಮುತ್ತ ಹೀಗೆ ಪರದೇಶದ ಹೆಸರಿನ ಪಾದರಕ್ಷೆ ಹೊಲಿಯುವ ಕಾರ್ಖಾನೆಗಳು ಎಷ್ಟಿಲ್ಲ! ಹೋಬಾರ್ಟ್‌ನವರ ಹೊಟ್ಟೆಯುರಿ ನ್ಯಾಯವಾದದ್ದೇ. ಇಲ್ಲಿ ಸಂಬಳ ಎಣಿಸುವ ಕೈಯ ಬಗ್ಗೆಯೂ ನನಗೆ ತಕರಾರಿಲ್ಲ.

ಹುಡುಗನ ವಾದ: ಕಾರ್ಖಾನೆ ಇರಬೇಕೋ ಮುಚ್ಚಬೇಕೋ ಅಂತ ತೀರ್ಮಾನಿಸೋದು ಮಾಲೀಕ, ಅವನು ಹತ್ತಿರವಿದ್ದರೆ ನಾಚಿಕೆಯಾದರೂ ಇರುತ್ತೆ. ನಾನು ಬ್ಲಂಡ್‌ಸ್ಟೋನ್ ಅಂದೆ. ಅವನು ಪಲ್ಯದ ಕಡೆ ತಿರುಗಿದ.

ನಾನಂತೂ ಮಾಲೀಕನ ಪಾಸ್‌ಪೋರ್ಟ್ ನೋಡುವ ಮೊದಲು ಬೂಟು ತಿರುಗಿಸಿ ಅಟ್ಟೆ ನೋಡುತ್ತೇನೆ. ಬ್ಲಂಡ್‌ಸ್ಟೋನ್ ಜಾತಿಯ ಬೂಟುಗಳಿಗೆ ಪಾಲಿಯುರಿಥೇನ್ ಅಟ್ಟೆಯನ್ನು ಅಚ್ಚಿನಲ್ಲೇ ಸುರಿದು ಕೂರಿಸಿರುತ್ತಾರೆ. ಹಗುರ, ಮೆತ್ತಗೆ, ದಿನವಿಡೀ ನಿಂತರೂ ನೋಯದು. ಕೆಲಸಗಾರನಿಗೆ ಬೇಕಾದ್ದೇ ಅದು. ಆದರೆ ಸವೆದರೆ ಮರು ಅಟ್ಟೆ ಹಾಕಿಸುವ ಮಾತಿಲ್ಲ. ಸಾಲದ್ದಕ್ಕೆ ಈ ವಸ್ತು ಗಾಳಿಯ ತೇವದಲ್ಲೇ ಒಳಗಿಂದೊಳಗೆ ಒಡೆಯುತ್ತದೆ. ಹಾಕದೆ ಎತ್ತಿಟ್ಟರೆ ಇನ್ನೂ ಕೆಟ್ಟದ್ದು. ಹೀಗೆ ಜತನದಿಂದ ಎತ್ತಿಟ್ಟಿದ್ದ ಒಂದು ಜೊತೆಯನ್ನು (ಮೇಲಿನ ಎರಡೂ ಕಂಪನಿಯದಲ್ಲ, ಹೆಸರು ಬೇಡ) ಮಳೆಗಾಲದ ಶಿರಸಿಯಲ್ಲಿ ಹಾಕಿ ಹೊರಟೆ. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಎರಡೂ ಅಟ್ಟೆ ನೆನೆದ ರಸ್ಕಿನಂತೆ ಉದುರಿ, ನೆಲಕ್ಕೂ ನನಗೂ ನಡುವೆ ಕಾಲುಚೀಲವೊಂದೇ ಉಳಿದಿತ್ತು.

ಕೊಳ್ಳುವವರಿಗೆ ಒಂದು ಮಾತು. ವಿಲಿಯಮ್ಸ್ ಬೂಟಿನಲ್ಲಿ ಮಾಮೂಲಿ ಅಗಲಕ್ಕೆ ಜಿ, ಹೆಚ್ಚಿನದಕ್ಕೆ ಎಚ್ ಎಂಬ ಗುರುತಿದೆ. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದದ ಬೆರಳುಗಳು ಬೀಸಣಿಗೆಯಂತೆ ಹರಡಿರುತ್ತವೆ. ಎಚ್ ಹಾಕಿ ನೋಡದೆ ಜಿ ಕೊಳ್ಳಬೇಡಿ. ಚರ್ಮ ಹಿಗ್ಗುತ್ತದೆ ಎಂದು ಅಂಗಡಿಯವನು ಎಷ್ಟೇ ಹೇಳಲಿ. ಬಾಗಿಲು ಬಾಗಿಲಲ್ಲೂ ಕಾಲು ಬರಿದು ಮಾಡಬೇಕಾದ ನಮ್ಮ ಊರುಗಳಿಗೆ ಲೇಸಿಲ್ಲದ ಈ ಬೂಟು ಹೇಳಿ ಮಾಡಿಸಿದ್ದು.

ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಇಬ್ಬರೂ ಬಾಗಿಲಿಗೆ ಬಂದೆವು. ಮೂವತ್ತು ಸಾವಿರದ ಬೂಟು ಬಿಟ್ಟಲ್ಲೇ ಇತ್ತು. ನನ್ನ ಅಥಣಿ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋಗಿದ್ದರು.